ಹಳೆಯ ಕಾವ್ಯ ಓದೋದು ಕಷ್ಟವಾ? ಶಿರಸಿ ಜಗಲಿಯ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನಾವು ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಯಾರದ್ದಾದರೂ ಮನೆ ಜಗಲಿಯಲ್ಲಿ ಕೂತು ಹಳೆಯ ಕನ್ನಡ ಕಾವ್ಯ ಓದುತ್ತೇವೆ. ಅಡಿಕೆ ಕೊಯ್ಲಿನ ಹೊತ್ತಿಗೆ ರಜೆ. ಉಳಿದ ತಿಂಗಳಲ್ಲಿ ಓದುವುದಕ್ಕಿಂತ ಜಗಳವೇ ಜಾಸ್ತಿ. ಜಗಳದ ವಿಷಯವೂ ಬಹಳ ಮಾಡಿ ಒಂದೇ. ಇದು ಕಷ್ಟವೋ, ಸುಲಭವೋ? ಹೊಸಬರು ಯಾರೇ ಬಂದರೂ ಅದನ್ನೇ ಕೇಳುತ್ತಾರೆ. ಕುಮಟಾ, ಅಂಕೋಲಾ, ಕಾರವಾರದ ಕಡೆಯಿಂದ ಬರುವ ಪತ್ರಗಳಲ್ಲೂ ಅದೇ ಇರುತ್ತದೆ. ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಒಂದು ಸಲ ಬರೆದಿಡೋಣ ಅಂತ ಕೂತೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಉತ್ತರ ಮಾತ್ರ ನನ್ನದು. ಜಗಲಿಯಲ್ಲಿ ಎಲ್ಲರೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ.

## ಇನ್ನೂ ಪುಸ್ತಕ ತೆರೆಯದವರಿಗೆ

ಸುತ್ತಿ ಬಳಸಿ ಹೇಳ್ಬೇಡಿ. ಹಳೆಯ ಕಾವ್ಯ ಕಷ್ಟವಾ, ಅಲ್ವಾ?

ಕಷ್ಟ. ‘ಏನೂ ಇಲ್ಲ ಮಾರಾಯ, ಸುಲಭ, ಸುಮ್ನೆ ಓದು’ ಅನ್ನುವವರ ಮಾತು ನಂಬಿ ಪಂಪನನ್ನು ಮನೆಗೆ ತಂದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಮೂರನೇ ಪುಟಕ್ಕೆ ಮುಚ್ಚಿಡುತ್ತಾರೆ. ಸುಲಭದ್ದೇ ತಿಳಿಯಲಿಲ್ಲ ಅಂದ ಮೇಲೆ ದಡ್ಡ ತಾನೇ ಅಂದುಕೊಳ್ಳುತ್ತಾರೆ. ಆಮೇಲೆ ಆ ಕಪಾಟಿನ ಕಡೆ ತಿರುಗಿ ನೋಡುವುದಿಲ್ಲ. ಮೊದಲೇ ಕಷ್ಟ ಅಂತ ಹೇಳಿದ್ದರೆ ಇನ್ನೊಂದು ಹತ್ತು ಪುಟ ಓದುತ್ತಿದ್ದರೋ ಏನೋ.

ಆದರೆ ಒಂದೊಂದು ಕೃತಿಯ ಕಷ್ಟ ಒಂದೊಂದು ಕಡೆ ಕೂತಿರುತ್ತದೆ. ಪಂಪನಲ್ಲಿ ಪದ, ವಿಭಕ್ತಿ. ಕುಮಾರವ್ಯಾಸನಲ್ಲಿ ಪದ ಅಷ್ಟು ಕಾಡುವುದಿಲ್ಲ, ಭಾರತದ ಕಥೆ ಮೊದಲೇ ಗೊತ್ತಿರಬೇಕು. ಅಲ್ಲಮನಲ್ಲಿ ಪ್ರತಿ ಪದವೂ ಗೊತ್ತು, ಹೇಳುತ್ತಿರುವುದು ಏನು ಅಂತ ಮಾತ್ರ ತಿಳಿಯುವುದಿಲ್ಲ. ‘ನನಗೆ ಕಷ್ಟ ಆಯ್ತು’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಎಲ್ಲಿ ಸಿಕ್ಕಿಬಿದ್ದಿರಿ ಅಂತ. ಅದು ಗೊತ್ತಾದರೆ ಬಿಡಿಸಿಕೊಳ್ಳುವ ದಾರಿಯೂ ಗೊತ್ತಾಗುತ್ತದೆ.

‘ಹಳೆಯದು’ ಅಂದ್ರೆ ಎಲ್ಲಾ ಒಂದೇ ಅಲ್ವಾ? ಎಲ್ಲಾ ಹಳಗನ್ನಡವೇ ತಾನೆ?

ಅಲ್ಲ. ನಮ್ಮ ಜಗಳದಲ್ಲಿ ಅರ್ಧ ಈ ಗೊಂದಲದಿಂದಲೇ ಹುಟ್ಟುತ್ತದೆ. ಪಂಪ ಹುಟ್ಟಿದ್ದು 902ರಲ್ಲಿ, ಅವನ ಎರಡೂ ಕಾವ್ಯ ಬಂದದ್ದು 941ರ ಹೊತ್ತಿಗೆ. ಅದು ಹಳಗನ್ನಡ. ಕುಮಾರವ್ಯಾಸ ಹದಿನೈದನೇ ಶತಮಾನದವನು. ಅವನದು ನಡುಗನ್ನಡ. ಇಬ್ಬರ ನಡುವೆ ಸುಮಾರು ಐನೂರು ವರ್ಷ ಇದೆ. ನಮಗೂ ಕುಮಾರವ್ಯಾಸನಿಗೂ ಇರುವ ದೂರಕ್ಕಿಂತ ಅದೇನೂ ಬಹಳ ಕಮ್ಮಿ ಅಲ್ಲ. ಪಂಪನ ಅಭಿಮಾನಿ ‘ಕಷ್ಟ’ ಅಂದಾಗ, ಕುಮಾರವ್ಯಾಸನ ಅಭಿಮಾನಿ ‘ಸುಲಭ’ ಅಂದಾಗ, ಇಬ್ಬರೂ ಹೇಳುವುದು ಸರಿಯೇ. ಬೇರೆ ಬೇರೆ ಕನ್ನಡದ ಬಗ್ಗೆ ಮಾತಾಡುತ್ತಿರುತ್ತಾರೆ ಅಷ್ಟೆ.

ಲೆಕ್ಕ ತಪ್ಪಿಸುವವನೊಬ್ಬ ಇದ್ದಾನೆ, ನಂದಳಿಕೆಯ ಮುದ್ದಣ. ಬದುಕಿದ್ದು 1870ರಿಂದ 1901ರವರೆಗೆ, ಬರೆದದ್ದು ಹಳಗನ್ನಡದಲ್ಲಿ. ರೈಲು, ಅಂಚೆ ಎಲ್ಲ ಬಂದ ಮೇಲೆ.

ನಮ್ಮಜ್ಜಿ ಶಾಲೆ ಮೆಟ್ಟಿಲು ಹತ್ತಿಲ್ಲ. ಅವಳಿಗೆ ಭಾರತ ಬಾಯಲ್ಲೇ ಇತ್ತು. ನಾನು ಡಿಗ್ರಿ ಮಾಡಿ ಒಂದು ಪದ್ಯಕ್ಕೆ ತಿಣುಕ್ತೇನೆ. ಯಾಕೆ?

ಅಜ್ಜಿ ಓದಲಿಲ್ಲ, ಕೇಳಿದಳು. ನೀವು ಒಬ್ಬರೇ ಕೂತು, ಬಾಯಿ ಮುಚ್ಚಿಕೊಂಡು, ಕಣ್ಣಿನಲ್ಲಿ ಓದುತ್ತಿದ್ದೀರಿ. ಈ ಕಾವ್ಯಗಳಲ್ಲಿ ಯಾವುದನ್ನೂ ಹಾಗೆ ಓದಲಿ ಅಂತ ಬರೆದದ್ದಲ್ಲ. ಒಬ್ಬ ಹಾಡಬೇಕು, ನಾಲ್ಕು ಜನ ಕೇಳಬೇಕು, ಒಬ್ಬ ನಡುವೆ ಅರ್ಥ ಹೇಳಬೇಕು. ರಾತ್ರಿ ಅಡಿಕೆ ಸುಲಿಯುವಾಗ ನಮ್ಮ ಮನೆಯಲ್ಲಿ ಒಬ್ಬರು ಭಾರತ ಓದುತ್ತಿದ್ದರು. ಕೈ ಕೆಲಸ ಮಾಡುತ್ತಿತ್ತು, ಕಿವಿ ಖಾಲಿ ಇತ್ತು. ತಿಳಿಯದ ಸಾಲು ಬಂದರೆ ಯಾರೂ ನಿಲ್ಲಿಸುತ್ತಿರಲಿಲ್ಲ. ಮುಂದಿನ ವರ್ಷ ಅದೇ ಸಾಲು ಮತ್ತೆ ಬರುತ್ತಿತ್ತು.

ಸಾವಿರದ ನೂರು ವರ್ಷಕ್ಕೂ ಹಿಂದಿನ ಕವಿರಾಜಮಾರ್ಗದಲ್ಲೇ ಕನ್ನಡದ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಅಂದಿದ್ದಾರೆ. ಕೂತು ಓದದೆಯೂ ಕಾವ್ಯದಲ್ಲಿ ನುರಿತವರು ಅಂತ. ನಿಮ್ಮಜ್ಜಿಯನ್ನು ನೋಡಿಯೇ ಬರೆದ ಹಾಗಿದೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಅನುಕೂಲ ಉಂಟು. ಯಕ್ಷಗಾನ ಪ್ರಸಂಗದಲ್ಲಿ ಭಾಗವತರು ಭಾಮಿನಿ, ವಾರ್ಧಕ, ಕಂದ ಅನ್ನುವ ಛಂದಸ್ಸಿನ ಪದ್ಯ ಹಾಡುತ್ತಾರೆ. ಕುಮಾರವ್ಯಾಸನ ಇಡೀ ಭಾರತ ಆ ಭಾಮಿನಿಯಲ್ಲೇ ಇದೆ. ಗುಣವಂತೆಯಲ್ಲೋ ಇಡಗುಂಜಿಯಲ್ಲೋ ರಾತ್ರಿಯಿಡೀ ಆಟ ನೋಡಿ ಬೆಳೆದವರ ಕಿವಿಗೆ ಆ ನಡೆ ಗೊತ್ತು. ಪುಸ್ತಕ ತೆರೆದ ಕೂಡಲೇ ಅದನ್ನು ಮರೆತು ಪರೀಕ್ಷೆಗೆ ಕೂತವರ ಮುಖ ಮಾಡುತ್ತಾರೆ. ಜೋರಾಗಿ ಓದಿ. ರಾಗ ಬರದಿದ್ದರೂ ಅಡ್ಡಿಲ್ಲ.

ಯಾವುದರಿಂದ ಶುರು ಮಾಡಲಿ? ಪಂಪ ಆದಿಕವಿ ಅಂತ ಅವನಿಂದಲೇ ಹಿಡಿದೆ.

ಅಲ್ಲೇ ತಪ್ಪಿದ್ದು. ವರ್ಷದ ಲೆಕ್ಕ ಹಿಡಿದು ಮುಂದಿನಿಂದ ಓದುವುದು ಸಿಲೆಬಸ್ ಮಾಡುವವರ ಕ್ರಮ. ನೀವು ಹಿಂದಿನಿಂದ ಬನ್ನಿ.

ನಾನು ಎಲ್ಲರಿಗೂ ಕೊಡುವುದು ಕುಮಾರವ್ಯಾಸನ ವಿರಾಟಪರ್ವ. ಅದರಲ್ಲೂ ಉತ್ತರಕುಮಾರನ ಭಾಗ. ಹೆಂಗಸರ ಎದುರು ಬಡಾಯಿ ಕೊಚ್ಚಿ, ಕೌರವರ ಸೈನ್ಯ ಕಂಡ ಕೂಡಲೇ ರಥದಿಂದ ಹಾರಿ ಓಡುವವನು. ‘ಉತ್ತರನ ಪೌರುಷ ಒಲೆಯ ಮುಂದೆ’ ಅನ್ನುವ ಗಾದೆ ನಿಮಗೆ ಗೊತ್ತೇ ಇದೆ. ಕಥೆ ಗೊತ್ತು, ಪಾತ್ರ ಗೊತ್ತು, ನಗು ಬರುತ್ತದೆ. ಪದ ತಿಳಿಯದಿದ್ದರೂ ಏನಾಗುತ್ತಿದೆ ಅಂತ ತಿಳಿಯುತ್ತದೆ. ಹೊಸಬರಿಗೆ ಇಷ್ಟು ಸಾಕು.

ಆಮೇಲೆ ರತ್ನಾಕರವರ್ಣಿಯ ಭರತೇಶ ವೈಭವ. ಸಾಂಗತ್ಯ ಅನ್ನುವ ಛಂದಸ್ಸಿನಲ್ಲಿ ಇದೆ, ಮಾತಾಡಿದ ಹಾಗೆ ಹೋಗುತ್ತದೆ. ತನ್ನ ಕಾವ್ಯ ಕೇಳಿ ಕನ್ನಡಿಗರು ‘ಅಯ್ಯಯ್ಯಾ ಚೆನ್ನಾದುದು’ ಅನ್ನಬೇಕು, ತೆಲುಗರೂ ತುಳುವರೂ ಅವರವರ ಭಾಷೆಯಲ್ಲಿ ಹೊಗಳಬೇಕು ಅಂತ ಆಸೆಪಟ್ಟವನು ಅವನು. ಜನರನ್ನು ದೂರ ಇಡಲು ಬರೆದವನಲ್ಲ. ಹಳಗನ್ನಡಕ್ಕೆ ಕೈ ಹಾಕುವಾಗ ಮೊದಲು ಗದ್ಯ ಹಿಡಿಯಿರಿ, ವಡ್ಡಾರಾಧನೆ. ಹತ್ತೊಂಬತ್ತು ಕಥೆ. ಹೇಳಿದ್ದನ್ನೇ ಹೇಳುವ ಶೈಲಿ ಅದರದ್ದು. ಮೊದಲು ಬೇಜಾರು ಬರುತ್ತದೆ, ಆಮೇಲೆ ಅದೇ ಪದ ನಾಲ್ಕು ಸಲ ಬಂದಾಗ ಅರ್ಥ ತಾನಾಗಿ ಹೊಳೆಯುತ್ತದೆ. ಪದ್ಯ ಬೇಕೇ ಅಂದರೆ ಜನ್ನನ ಯಶೋಧರ ಚರಿತೆ. 1209ರದ್ದು, ಮುನ್ನೂರು ಚಿಲ್ಲರೆ ಪದ್ಯ, ಮುಗಿಸಬಹುದು. ಹುಡುಗನಾಗಿದ್ದಾಗ ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ದ ಹಿಂದೆ ಇರುವುದು ಅದೇ ಕಥೆ.

ನಮ್ಮನೆ ಮಾತು ಕೊಂಕಣಿ. ಹೊಸಗನ್ನಡವೇ ಶಾಲೆಯಲ್ಲಿ ಕಲಿತದ್ದು. ನನಗೆ ಇದು ದಕ್ಕುತ್ತಾ?

ಕಾರವಾರದಿಂದ ಬರುವ ಪತ್ರಗಳಲ್ಲಿ ಇದು ತಪ್ಪುವುದೇ ಇಲ್ಲ. ದಕ್ಕುತ್ತದೆ. ಹಳಗನ್ನಡದ ಎದುರು ಎಲ್ಲರೂ ಹೊರಗಿನವರೇ. ಅದು ಇವತ್ತು ಯಾರ ಮನೆ ಮಾತೂ ಅಲ್ಲ. ಇನ್ನು ಹೊಸಗನ್ನಡದ ಮಾತು ಬಿಡಿ. ಹನೇಹಳ್ಳಿಯ ಯಶವಂತ ಚಿತ್ತಾಲ, ಗೋಕರ್ಣದ ಗೌರೀಶ ಕಾಯ್ಕಿಣಿ ಕೊಂಕಣಿ ಮನೆಯಿಂದಲೇ ಬಂದವರು. ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರ ಮನೆಯಲ್ಲಿ ತಮಿಳು. ಕಲಿತ ಭಾಷೆಯನ್ನು ನಾವು ಪದ ಪದ ನೋಡಿ ಓದುತ್ತೇವೆ. ಹಳಗನ್ನಡಕ್ಕೆ ಬೇಕಾದದ್ದು ಆ ಅಭ್ಯಾಸವೇ.

ದಿನಕ್ಕೆ ಎಷ್ಟು ಪುಟ ಓದ್ಬೇಕು?

ಪುಟ ಲೆಕ್ಕ ಬೇಡ. ನಾಲ್ಕು ಪದ್ಯ ಆದರೆ ಹೆಚ್ಚೇ.

## ಸ್ವಲ್ಪ ಓದಿ ಸಿಕ್ಕಿಬಿದ್ದವರಿಗೆ

ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಎಲ್ಲಿ ಮುರಿಯೋದು?

ನಿಜವಾದ ಕಷ್ಟ ಎಲ್ಲಿದೆ ಅಂದರೆ ನಾನು ತೋರಿಸುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ರನ್ನನ ಗದಾಯುದ್ಧದ ಈ ಕಂದ ಎಲ್ಲರಿಗೂ ಕೇಳಿ ಗೊತ್ತು.

ಆ ರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಮೊದಲ ಸಾಲಿನ ಕೊನೆಗೆ ‘ಕಂ’ ಅಂತ ನಿಂತಿದೆ. ಎರಡನೇ ಸಾಲು ‘ಠೀರವ’ ಅಂತ ಶುರು. ‘ಠೀರವ’ ಅಂದರೇನು ಅಂತ ನಿಘಂಟಿನಲ್ಲಿ ಹುಡುಕಿದವರನ್ನು ನಾನು ಬಲ್ಲೆ. ಅದರಲ್ಲಿ ನಾನೂ ಒಬ್ಬ. ಅಂಥ ಪದವೇ ಇಲ್ಲ. ‘ಕಂಠೀರವ’ ಅನ್ನುವ ಪದವನ್ನು ಸಾಲಿನ ಅಂಚು ಕತ್ತರಿಸಿದೆ. ‘ಕೋಪ’ವೂ ಹಾಗೇ, ‘ಕೋ’ ಮೇಲೆ, ‘ಪ’ ಕೆಳಗೆ.

ಯಾಕೆ ಹೀಗೆ? ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ. ಆರ, ಠೀರ, ಪಾರು, ನೀರೊ. ಎಲ್ಲದರಲ್ಲೂ ರಕಾರ. ಹಳೆಯ ಕನ್ನಡ ಪದ್ಯದಲ್ಲಿ ಪ್ರಾಸ ಕೊನೆಗೆ ಬರುವುದಿಲ್ಲ, ಎರಡನೇ ಅಕ್ಷರದಲ್ಲಿ ಬರುತ್ತದೆ. ಅದನ್ನು ಉಳಿಸಲು ಕವಿ ಪದವನ್ನು ಎಲ್ಲಿ ಬೇಕಾದರೂ ತುಂಡು ಮಾಡುತ್ತಾನೆ. ಕೇಳುವವನಿಗೆ ಇದು ಗೊತ್ತೇ ಆಗುವುದಿಲ್ಲ. ಹಾಡುವವನು ‘ಕಂಠೀರವ’ ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಅಚ್ಚಿನಲ್ಲಿ ನೋಡುವವನಿಗೆ ಮಾತ್ರ ತಲೆನೋವು.

ಈಗ ಪೆನ್ಸಿಲ್ ತಗೊಂಡು ಗೆರೆ ಎಳೆಯಿರಿ. ಆ ರವಮಂ, ಆ ಸದ್ದನ್ನು. ನಿರ್ಜಿತ ಕಂಠೀರವ ರವಮಂ, ಸಿಂಹದ ಗರ್ಜನೆಯನ್ನು ಸೋಲಿಸಿದ್ದನ್ನು. ನಿರಸ್ತ ಘನರವಮಂ, ಗುಡುಗನ್ನೂ ಹಿಂದೆ ಹಾಕಿದ್ದನ್ನು. ಕೋಪ ಅರುಣ ನೇತ್ರಂ, ಸಿಟ್ಟಿಗೆ ಕಣ್ಣು ಕೆಂಪಾದವನು. ಕೇಳಿ, ಆ ನೀರೊಳಗೆ ಇರ್ದುಂ, ನೀರಿನೊಳಗೆ ಇದ್ದರೂ. ಬೆಮರ್ತನ್, ಬೆವರಿದನು. ಉರಗಪತಾಕಂ, ಹಾವಿನ ಬಾವುಟದವನು, ಅಂದರೆ ದುರ್ಯೋಧನ. ಕೊಳದಲ್ಲಿ ಅಡಗಿದವನು ಭೀಮನ ಕೂಗು ಕೇಳಿ ನೀರಿನಲ್ಲೇ ಬೆವರುತ್ತಾನೆ. ಇಷ್ಟು ಬಿಡಿಸಿದ ಮೇಲೆ ಇನ್ನೊಂದು ಸಲ ಜೋರಾಗಿ ಓದಿ. ಆ ‘ರವ ರವ ರವ’ ಭೀಮನ ಕೂಗೇ ಆಗಿ ಕೇಳುತ್ತದೆ.

ಇಂಥ ಹತ್ತು ಪದ್ಯ ಬಿಡಿಸಿದರೆ ಹನ್ನೊಂದನೆಯದಕ್ಕೆ ಪೆನ್ಸಿಲ್ ಅಷ್ಟಾಗಿ ಬೇಕಾಗುವುದಿಲ್ಲ. ನಾಲ್ಕೈದು ಕೀಲಿ ಕೈಯಲ್ಲಿರಲಿ. ಪಕಾರ ಕಂಡರೆ ಹಕಾರ ಹಾಕಿ ನೋಡಿ. ಪಾಲ್ ಹಾಲು, ಪೂ ಹೂವು, ಪುಲಿ ಹುಲಿ. ‘ಒಳ್’ ಅಂದರೆ ಅಲ್ಲಿ, ಒಳಗೆ. ‘ರಾಮಂ’ ಅಂದರೆ ರಾಮನು, ‘ದೇಶಮಂ’ ಅಂದರೆ ದೇಶವನ್ನು. ‘ಒಡೆ’ ಅಂದರೆ ಆದರೆ, ‘ಒಡಂ’ ಅಂದರೆ ಆದರೂ. ಈಗ ಇಲ್ಲದ ಱ, ೞ ಎರಡು ಅಕ್ಷರ ಕಂಡು ಹೆದರಬೇಡಿ, ರ ಮತ್ತು ಳ ಅಂತ ಓದಿಕೊಂಡು ಹೋಗಿ. ಪಂಡಿತರು ಬೈದರೆ ಬೈಯಲಿ.

ಹವ್ಯಕ ಮಾತಾಡೋರಿಗೆ ಹಳಗನ್ನಡ ಸಲೀಸು ಅಂತಾರಲ್ಲ, ನಿಜವಾ?

ಅರ್ಧ ನಿಜ. ‘ಹೋಪದು’, ‘ಬಪ್ಪದು’, ‘ಉಂಬದು’, ‘ತಿಂಬದು’ ಅನ್ನುವ ನಮ್ಮ ಮಾತಿನಲ್ಲಿ ಹಳಗನ್ನಡದ ‘ಪೋಪ’, ‘ಬರ್ಪ’, ‘ಉಣ್ಬ’, ‘ತಿನ್ಬ’ ಕೂತಿದೆ. ‘ಆನು’ ಅಂದಾಗ ಪಂಪನ ‘ಆನ್’ ಹತ್ತಿರವೇ ಇದ್ದಾನೆ. ಬೆಂಗಳೂರಿನ ಗೆಳೆಯರು ಅಡಿಟಿಪ್ಪಣಿ ನೋಡುವಾಗ ನಮಗೆ ಅಲ್ಲಿ ಒಂದು ಕ್ಷಣ ಮನೆಗೆ ಬಂದ ಹಾಗೆ ಆಗುತ್ತದೆ.

ಆದರೆ ಅದು ಕ್ರಿಯಾಪದದ ಬಾಲ ಮಾತ್ರ. ಮುಂದಿನ ಪದ ‘ಮೇಣ್’ ಅಂತ ಬಂದರೆ ಹವ್ಯಕನೂ ನಿಘಂಟು ತೆರೆಯಬೇಕು. (‘ಅಥವಾ’ ಅಂತ ಅರ್ಥ.) ನಮ್ಮ ಜಗಲಿಯಲ್ಲಿ ಈ ವಿಷಯಕ್ಕೆ ಮೀಸೆ ತಿರುವುವ ಒಬ್ಬರಿದ್ದಾರೆ. ಅವರಿಗಿಂತ ಚೆನ್ನಾಗಿ ಪಂಪನನ್ನು ಬಿಡಿಸುವವರು ಹಳಿಯಾಳ ಕಡೆಯ, ಮನೆಯಲ್ಲಿ ಮರಾಠಿ ಆಡುವ ಟೀಚರ್ ಒಬ್ಬರು.

ಸಂಸ್ಕೃತ ತುಂಬಿಸಿಟ್ಟಿದ್ದೇ ತೊಂದರೆ ಅಲ್ವಾ? ಅಚ್ಚಗನ್ನಡ ಇದ್ರೆ ಆರಾಮಾಗಿ ಓದ್ತಿದ್ವಿ.

ಈ ದೂರು ಇವತ್ತಿನದಲ್ಲ. ಮುಳಗುಂದದ ನಯಸೇನ 1112ರಲ್ಲೇ ಹೇಳಿದ್ದಾನೆ. ಸಂಸ್ಕೃತದಲ್ಲಿ ಹೇಳುವುದಿದ್ದರೆ ಪೂರ್ತಿ ಸಂಸ್ಕೃತದಲ್ಲೇ ಹೇಳಿ, ಶುದ್ಧ ಕನ್ನಡಕ್ಕೆ ತಂದು ತುರುಕುವುದು ಏಕೆ, ‘ತಕ್ಕುದೆ ಬೆರಸಲ್ಕೆ ಘೃತಮುಮಂ ತೈಲಮುಮಂ’ ಅಂತ. ತುಪ್ಪಕ್ಕೆ ಎಣ್ಣೆ ಬೆರೆಸಬಹುದೇ ಅಂತ ಕೇಳುತ್ತಾನೆ. ಮುದ್ದಣನ ರಾಮಾಶ್ವಮೇಧದಲ್ಲಿ ಹೆಂಡತಿ ಮನೋರಮೆ ಕಥೆ ಕೇಳಲು ಕೂತು, ಗಂಡ ಸಂಸ್ಕೃತ ಶುರು ಮಾಡಿದ ಕೂಡಲೇ ‘ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು’ ಅನ್ನುತ್ತಾಳೆ. ಓದುಗನ ಸಿಟ್ಟನ್ನು ಕಾವ್ಯದ ಒಳಗೇ ಕೂರಿಸಿದ್ದಾನೆ ಪುಣ್ಯಾತ್ಮ.

ಆದರೂ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಆಂಡಯ್ಯ ಅಂತ ಒಬ್ಬ ಕವಿ ಹದಿಮೂರನೇ ಶತಮಾನದಲ್ಲಿ ಹಟಕ್ಕೆ ಬಿದ್ದು ಸಂಸ್ಕೃತ ಪದ ಇದ್ದ ಹಾಗೇ ಬಳಸದೆ ಒಂದು ಕಾವ್ಯ ಬರೆದ, ಕಬ್ಬಿಗರ ಕಾವ. ತೆರೆದು ನೋಡಿ. ಪಂಪನಿಗಿಂತ ಸುಲಭ ಅಂತ ನನಗಂತೂ ಅನ್ನಿಸಲಿಲ್ಲ. ಕಾರಣ ಸರಳ. ‘ಕೋಪ’, ‘ನೇತ್ರ’, ‘ಘನ’ ಇವತ್ತಿಗೂ ನಮ್ಮ ಬಾಯಲ್ಲಿವೆ. ಮರೆತುಹೋದದ್ದು ಹಳೆಯ ಅಚ್ಚಗನ್ನಡ ಪದಗಳು. ಉದ್ದುದ್ದ ಸಮಾಸ ಬಂದಾಗ ಸಂಸ್ಕೃತ ಸುಸ್ತು ಮಾಡುತ್ತದೆ, ಅದು ನಿಜ. ಬಿಡಿ ಪದದ ಮಟ್ಟಿಗೆ ಅದು ಎಷ್ಟೋ ಸಲ ಕೈಹಿಡಿಯುತ್ತದೆ.

ಹೊಸಗನ್ನಡದ ಗದ್ಯಾನುವಾದ ಓದಿದ್ರೆ ಮೋಸ ಮಾಡಿದ ಹಾಗಾ?

ಇಲ್ಲ. ಪಕ್ಕದಲ್ಲಿ ಇಟ್ಟುಕೊಳ್ಳಿ. ಆದರೆ ಕ್ರಮ ಹೀಗಿರಲಿ. ಮೊದಲು ಮೂಲ ಪದ್ಯ ಒಂದು ಸಲ ಜೋರಾಗಿ, ತಿಳಿದರೂ ಸರಿ, ತಿಳಿಯದಿದ್ದರೂ ಸರಿ. ಆಮೇಲೆ ಗದ್ಯ. ಮತ್ತೆ ಮೂಲ. ಗದ್ಯವನ್ನೇ ಮೊದಲು ಓದಿದರೆ ಮೂಲಕ್ಕೆ ವಾಪಸು ಹೋಗುವ ಮನಸ್ಸು ಬರುವುದಿಲ್ಲ. ಪಂಪನಿಗೆ ಡಿ. ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಸಿಕ್ಕರೆ ಬಿಡಬೇಡಿ. ದಪ್ಪ ಪುಸ್ತಕ, ಪದ್ಯ ಪದ್ಯಕ್ಕೂ ಟಿಪ್ಪಣಿ ಇದೆ. ಪದಕ್ಕೆ ಸಾಹಿತ್ಯ ಪರಿಷತ್ತಿನ ನಿಘಂಟು, ಎಂಟು ಸಂಪುಟ. ಮನೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಕಿಟೆಲ್ಲರ 1894ರ ನಿಘಂಟು ಸಾಕು, ಅದರ ಅರ್ಥ ಇಂಗ್ಲಿಷಿನಲ್ಲಿ ಇರುತ್ತದೆ.

ವರ್ಣನೆ ಬಂದ ಕೂಡಲೇ ನಿದ್ದೆ ಬರುತ್ತೆ. ಬಿಟ್ಟು ಮುಂದೆ ಹೋಗ್ಬಹುದಾ?

ಧಾರಾಳವಾಗಿ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಇರಬೇಕು ಅಂತ ಒಂದು ಪಟ್ಟಿಯೇ ಇತ್ತು. ಸಮುದ್ರ, ಬೆಟ್ಟ, ಊರು, ಋತು, ಚಂದ್ರ ಹುಟ್ಟುವುದು, ಸೂರ್ಯ ಹುಟ್ಟುವುದು, ನೀರಾಟ ಹೀಗೆ. ಕೆಲವರು ಮನಸ್ಸಿಟ್ಟು ಬರೆದರು, ಕೆಲವರು ಪಟ್ಟಿ ಮುಗಿಸಿದರು. ಕಾರವಾರದ ಬೈತಖೋಲ ಬಂದರಿನ ಹತ್ತಿರ ಬೆಳೆದ ಗೆಳೆಯನಿಗೆ ಒಂದು ಸಮುದ್ರವರ್ಣನೆ ಓದಿ ಹೇಳಿದೆ. ರತ್ನ, ಹವಳ, ಮೊಸಳೆಯಂಥ ಮಕರ ಎಲ್ಲ ಇತ್ತು. ಅವನು ಕೊನೆಗೆ ಕೇಳಿದ್ದು ಒಂದೇ, ‘ಇದರಲ್ಲಿ ಮೀನಿನ ವಾಸನೆಯೇ ಇಲ್ವಲ್ಲ?’

ಬಿಟ್ಟದ್ದನ್ನು ಇನ್ನೊಂದು ಸಲ ಓದುವಾಗ ನೋಡಿದರಾಯಿತು.

ಛಂದಸ್ಸು, ವ್ಯಾಕರಣ ಕಲಿಯಲೇಬೇಕಾ?

ನನಗೆ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಲು ಬರದೆ ಏಟು ಬಿದ್ದಿದೆ. ಮೇಷ್ಟರು ಒಂದು ದಿನವೂ ಪದ್ಯ ಹಾಡಲಿಲ್ಲ. ಬೋರ್ಡಿನ ಮೇಲೆ ಗುರು ಲಘು ಗೆರೆ ಎಳೆದರು, ಲೆಕ್ಕ ಕೊಟ್ಟರು. ಅದಾಗಿ ಇಪ್ಪತ್ತು ವರ್ಷ ನಾನು ಭಾಮಿನಿಯ ಹತ್ತಿರ ಸುಳಿಯಲಿಲ್ಲ. ಆಟದ ಚೌಕಿಯ ಪಕ್ಕ ನಿಂತು ಕೇಳುವಾಗ ಒಂದು ದಿನ ಬೆರಳು ತಾನಾಗಿ ಮೂರು ನಾಲ್ಕು, ಮೂರು ನಾಲ್ಕು ಅಂತ ಎಣಿಸಿತು. ಭಾಮಿನಿ ಅಂದರೆ ಅಷ್ಟೇ. ಮೂರು ಮಾತ್ರೆ, ನಾಲ್ಕು ಮಾತ್ರೆ. ಮೂರನೇ, ಆರನೇ ಸಾಲು ಉದ್ದ, ಕೊನೆಗೊಂದು ಗುರು. ವಾರ್ಧಕ ಐದೈದರ ನಡೆ. ಇದನ್ನು ಕಿವಿಗೆ ಹಾಕಿಕೊಂಡರೆ ಎಲ್ಲಿ ಉಸಿರು ತಗೋಬೇಕು ಅಂತ ತಿಳಿಯುತ್ತದೆ. ಓದಲು ಅಷ್ಟೇ ಸಾಕು.

ವ್ಯಾಕರಣ ಅಗತ್ಯ ಬಿದ್ದಾಗ ನೋಡಿ. ನಮ್ಮ ಕರಾವಳಿಯದೇ ಒಂದು ದೊಡ್ಡ ವ್ಯಾಕರಣ ಇದೆ. ಭಟ್ಕಳ ತಾಲೂಕಿನ ಹಾಡುವಳ್ಳಿಯ ಭಟ್ಟಾಕಳಂಕ 1604ರಲ್ಲಿ ಬರೆದ ಕರ್ಣಾಟಕ ಶಬ್ದಾನುಶಾಸನ. ಕನ್ನಡದ ವ್ಯಾಕರಣ, ಬರೆದದ್ದು ಸಂಸ್ಕೃತದಲ್ಲಿ. ಮನೋರಮೆ ಏನನ್ನುತ್ತಿದ್ದಳೋ.

## ಮುಳುಗಿದವರಿಗೆ

ಕೊನೆಗೂ ಯಾರು ಕಷ್ಟ? ಪಂಪನೋ ಕುಮಾರವ್ಯಾಸನೋ?

ಈ ಪ್ರಶ್ನೆ ಬಂದ ದಿನ ಚಹಾ ಎರಡು ಸಲ ಮಾಡಬೇಕಾಗುತ್ತದೆ. ಪಂಪ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಇದನ್ನು ಓದಿ. ‘ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ.’ ‘ಪೆರರ್’ ಅಂದರೆ ಬೇರೆಯವರು. ಅದೊಂದು ಬಿಟ್ಟರೆ ಎಲ್ಲಿದೆ ಕಷ್ಟ? ಭಾರತದಲ್ಲಿ ಯಾರನ್ನೂ ನೆನೆಯಬೇಡ ಅಣ್ಣ, ನೆನೆಯುವುದಾದರೆ ಕರ್ಣನನ್ನು ನೆನೆ. ಮನಸ್ಸು ತುಂಬಿ ಬಂದಾಗ ಪಂಪ ಸಣ್ಣ ಮಾತಿಗೆ ಇಳಿಯುತ್ತಾನೆ.

ಕುಮಾರವ್ಯಾಸ ಸುಲಭ ಅನ್ನುವವರ ಕೈಗೆ ನಾನು ‘ವೇದಪುರುಷನ ಸುತನ ಸುತನ’ ಅಂತ ಶುರುವಾಗುವ ಪದ್ಯ ಕೊಡುತ್ತೇನೆ. ಮಗ, ಸಹೋದರ, ಹೆಂಡತಿ, ಮಾವ ಅಂತ ಸಂಬಂಧದ ಸರಪಳಿ ಬೆಳೆಯುತ್ತಲೇ ಹೋಗುತ್ತದೆ. ಕೊನೆಯ ಅರ್ಧ ಬಿಡಿಸಿದರೆ, ಕಂಸನ ಮಾವ ಜರಾಸಂಧ, ಅವನನ್ನು ಕಾದಿ ಗೆದ್ದವನು ಭೀಮ, ಅವನ ಅಣ್ಣ ಧರ್ಮರಾಯ, ಅವನ ಅವ್ವೆ ಕುಂತಿ, ಅವಳ ನಾದಿನಿ ದೇವಕಿ, ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ. ಗದುಗಿನ ವೀರನಾರಾಯಣ ಅಂತ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಬೇಕೆಂದೇ ಕಷ್ಟ ಮಾಡಿದ್ದಾನೆ. ನಮ್ಮಲ್ಲಿ ಮದುವೆ ಮನೆಯಲ್ಲಿ ಹಿರಿಯರು ‘ನೀನು ಯಾರ ಪೈಕಿ?’ ಅಂತ ಹಿಡಿದು ಕೂರಿಸಿಕೊಂಡು ಎಳೆ ಎಳೆ ಬಿಡಿಸುವುದಿಲ್ಲವೇ, ಅದೇ ಖುಷಿ ಇದು. ಇಂಥ ಕಷ್ಟವನ್ನು ಯಾರೂ ಸುಲಭ ಮಾಡಿಕೊಡಬಾರದು.

ನನ್ನ ತೀರ್ಪು ಕೇಳುವಿರಾದರೆ, ಸಾಲು ಸಾಲಿಗೆ ಪಂಪ ಕಷ್ಟ. ಪೂರ್ತಿ ಮುಗಿಸಲು ಕುಮಾರವ್ಯಾಸ ಕಷ್ಟ, ಹತ್ತು ಪರ್ವದ ಉದ್ದ ಕಮ್ಮಿಯಲ್ಲ.

ವಚನ ಸುಲಭ ಅಂತ ಹಿಡಿದೆ. ಅಲ್ಲಮನಲ್ಲಿ ಮುಗ್ಗರಿಸಿದೆ. ಏನು ಮಾಡ್ಲಿ?

ಮುಗ್ಗರಿಸಬೇಕಾದ ಜಾಗವೇ ಅದು. ‘ಬೆಟ್ಟದ ನೆಲ್ಲಿಯ ಕಾಯಿ, ಸಮುದ್ರದೊಳಗಣ ಉಪ್ಪು, ಎತ್ತಣಿಂದೆತ್ತ ಸಂಬಂಧವಯ್ಯಾ’ ಅನ್ನುವುದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಶಿರಸಿ ಬೆಟ್ಟದ ನೆಲ್ಲಿ, ದೇವಿಮನೆ ಘಟ್ಟದ ಕೆಳಗೆ ಸಾಣಿಕಟ್ಟೆಯ ಉಪ್ಪು, ಎರಡೂ ಸೇರುವುದು ಅಡುಗೆಮನೆಯ ಭರಣಿಯಲ್ಲಿ. ಅಲ್ಲಿಯವರೆಗೆ ಎಲ್ಲ ಸಲೀಸು. ಮುಂದೆ, ಗುಹೇಶ್ವರ ಲಿಂಗಕ್ಕೂ ನನಗೂ ಎತ್ತಣ ಸಂಬಂಧ ಅಂತ ಕೇಳುತ್ತಾನೆ. ಸೇರುತ್ತವೆ ಅಂತ ಹೇಳಿದನೋ, ಹೇಗೆ ಸೇರುತ್ತವೆ ಅಂತ ಬೆರಗಾದನೋ? ನಾನು ಓದಿದ ಒಂದೊಂದು ವಿವರಣೆ ಒಂದೊಂದು ಹೇಳುತ್ತದೆ. ಇನ್ನು ಬೆಡಗಿನ ವಚನಗಳಂತೂ ಒಗಟೇ. ನಿಘಂಟು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದನ್ನು ಬಾಯಿಪಾಠ ಮಾಡಿ ಬಿಡಿ. ಯಾವಾಗಲೋ ಬಸ್ಸಿನಲ್ಲಿ ಕೂತಾಗ ಹೊಳೆದರೆ ಹೊಳೆಯಿತು.

ಹೊಸಗನ್ನಡದ ದೊಡ್ಡ ಕಾದಂಬರಿಯೂ ಕಷ್ಟವೇ. ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಬಿಟ್ಟೆ.

ಪದ ಕಷ್ಟ ಅಲ್ಲ ಅಲ್ವಾ? ಇಂಬಳ, ಹಳ್ಳ, ಕಾಡು ಎಲ್ಲ ನಮ್ಮ ಮನೆ ಹಿಂದಿನದೇ. ಬಿಟ್ಟದ್ದು ಯಾಕೆಂದರೆ ನಾಯಕ ಯಾರು ಅಂತ ಹುಡುಕುತ್ತಾ ಇದ್ದಿರಿ. ಕುವೆಂಪು ಬಾಗಿಲಲ್ಲೇ ಬರೆದಿಟ್ಟಿದ್ದಾರೆ, ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ. ಗುತ್ತಿಯ ಹಿಂದೆ ಹೊರಟರೆ ಅವನು ಕಾಣೆಯಾಗಿ ಇನ್ನೊಂದು ಮನೆಯ ಕಥೆ ಶುರುವಾಗುತ್ತದೆ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಮನೆ ಮನೆಯ ಹೆಸರು ಬರೆದು, ಕೆಳಗೆ ಆ ಮನೆಯವರ ಹೆಸರು ಬರೆದುಕೊಳ್ಳಿ. ನೂರು ಪುಟ ದಾಟಿದ ಮೇಲೆ ಆ ಹಾಳೆ ನೋಡುವುದೇ ಮರೆತುಹೋಗುತ್ತದೆ.

ಕಷ್ಟ ಅಂದವರನ್ನ ಅಭಿಮಾನಿಗಳು ಕೀಳಾಗಿ ನೋಡ್ತಾರೆ. ಇದು ಸರಿಯಾ?

ಸರಿಯಲ್ಲ. ನಮ್ಮ ಜಗಲಿಯಲ್ಲೂ ಆಗಿದೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳು ಗದ್ಯಾನುವಾದ ಹಿಡಿದು ಬಂದಿದ್ದಳು. ಒಬ್ಬರು ‘ಮೂಲ ಓದೋಕಾಗದವರಿಗೆ ಇದೇ ಗತಿ’ ಅಂದರು. ಆಕೆ ಮತ್ತೆ ಬರಲಿಲ್ಲ. ಹಾಗೆ ಅಂದವರು ಪಂಪನ ಆದಿಪುರಾಣ ಪೂರ್ತಿ ಓದಿದ್ದಾರೋ ಅಂತ ಕೇಳುವ ಧೈರ್ಯ ನನಗೆ ಅವತ್ತು ಬರಲಿಲ್ಲ. ಕೇಳಿದ್ದರೆ ನನ್ನನ್ನೂ ತಿರುಗಿ ಕೇಳುತ್ತಿದ್ದರು. ನಾನು ಅದನ್ನು ಎರಡು ಸಲ ನೀಲಾಂಜನೆಯ ನೃತ್ಯದವರೆಗೆ ಓದಿ ನಿಲ್ಲಿಸಿದ್ದೇನೆ.

ಇನ್ನೊಂದು ಕಡೆಯ ಅಹಂಕಾರವೂ ಉಂಟು. ‘ಅರ್ಥ ಆಗದ್ದು ಯಾಕೆ ಬೇಕು, ಜನರಿಗೆ ತಿಳಿಯದ್ದು ಸಾಹಿತ್ಯವೇ ಅಲ್ಲ’ ಅನ್ನುವವರು. ಅವರಲ್ಲಿ ಕೆಲವರು ರಾತ್ರಿಯಿಡೀ ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದ ಕೇಳಿ, ಬೆಳಿಗ್ಗೆ ಅದರ ಮೇಲೆ ಚರ್ಚೆ ಮಾಡುತ್ತಾರೆ. ಅದೇನು ಸುಲಭದ್ದೇ?

ಬನವಾಸಿಗೆ ಹೋಗಿ ಬಂದ್ರೆ ಪಂಪ ಅರ್ಥ ಆಗ್ತಾನಾ?

ವ್ಯಾಕರಣ ಅರ್ಥವಾಗುವುದಿಲ್ಲ. ಆದರೂ ಹೋಗಿ. ಶಿರಸಿಯಿಂದ ಒಂದು ಗಂಟೆಯೂ ಬೇಡ. ಪಂಪನ ಭಾರತದಲ್ಲಿ ಅರ್ಜುನ ತೀರ್ಥಯಾತ್ರೆಯಲ್ಲಿ ಬನವಾಸಿಗೆ ಬರುತ್ತಾನೆ, ಅಲ್ಲಿ ಕವಿ ಕಥೆ ಮರೆತು ಊರನ್ನು ನೆನೆಯುತ್ತಾನೆ. ‘ತೆಂಕಣ ಗಾಳಿ ಸೋಂಕಿದೊಡಂ’ ಅಂತ ಶುರು, ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಅಂತ ಕೊನೆ. ಯಾರು ಅಂಕುಶ ಹಾಕಿ ತಿವಿದರೂ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ.

‘ತೆಂಕಣ’ ಅನ್ನುವ ಪದಕ್ಕೆ ಪುಸ್ತಕದಲ್ಲಿ ಟಿಪ್ಪಣಿ ಇರುತ್ತದೆ. ನಮಗೆ ಬೇಡ. ತೆಂಕುತಿಟ್ಟು, ಬಡಗುತಿಟ್ಟು ಅಂತ ಆಟದ ಜಗಳ ಮಾಡಿ ಬೆಳೆದವರು ನಾವು, ತೆಂಕು ಅಂದರೆ ದಕ್ಷಿಣ ಅಂತ ಮಕ್ಕಳಿಗೂ ಗೊತ್ತು. ನಾವು ಐದಾರು ಜನ ಒಂದು ಸಲ ಮಧುಕೇಶ್ವರ ದೇವಸ್ಥಾನದ ಅಂಗಳದಲ್ಲಿ ಕೂತು ಈ ಪದ್ಯ ಓದಿದೆವು. ಹತ್ತಿರ ಕೂತಿದ್ದ ಅಜ್ಜ ಒಬ್ಬರು ‘ಸೋಂಕಿದೊಡಂ ಅಂದರೆ ತಾಗಿದರೂ ಅಂತವಾ?’ ಅಂತ ಕೇಳಿದರು. ಹೌದು ಅಂದೆವು. ಹಾಗಾದರೆ ಇನ್ನೊಂದು ಸಲ ಓದಿ ಅಂದರು. ಓದಿದೆವು.

ಮಧ್ಯಾಹ್ನ ಹೋಗಬೇಡಿ, ಸೆಕೆ. ಸಂಜೆ ಹೋಗಿ. ವಾಪಸು ಬರುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ನಮಗೆ ಅವತ್ತು ತಪ್ಪಿತ್ತು.